ಬಂದ ಸಂದೇಶ ನಿಜವೇ? ಮುಂದೆ ಕಳಿಸುವ ಮುನ್ನ ಗಡಿಯೂರಿನವರು ನೋಡಬೇಕಾದ್ದು

ಮೊರಪ್ಪೂರು : 2018ರ ಮೇ 9. ಚೆನ್ನೈಯ ಕುಟುಂಬವೊಂದು ಕಾರು ಮಾಡಿಕೊಂಡು ತಿರುವಣ್ಣಾಮಲೈ ಜಿಲ್ಲೆಯ ಪೋಲೂರು ಹತ್ತಿರದ ಕುಲದೇವರ ಗುಡಿಗೆ ಹೊರಟಿತ್ತು. ಅತ್ತಿಮೂರು ಎಂಬ ಹಳ್ಳಿಯ ಹತ್ತಿರ ಕಾರು ನಿಂತಾಗ 65 ವರ್ಷದ ಹಿರಿಯಾಕೆ ಅಲ್ಲಿದ್ದ ಮಕ್ಕಳ ಕೈಗೆ ಚಾಕೊಲೇಟ್ ಕೊಟ್ಟರು. ಗುಡಿಗೆ ಹೋಗುವ ಹೆಂಗಸು ಮಕ್ಕಳಿಗೆ ಸಿಹಿ ಕೊಡುವುದು ನಮ್ಮ ಕಡೆ ಹೊಸದೇನಲ್ಲ. ಆದರೆ ಆ ವಾರ ಊರೂರಿನ ಮೊಬೈಲುಗಳಲ್ಲಿ ಒಂದೇ ಮಾತು ಓಡುತ್ತಿತ್ತು : ಉತ್ತರ ಭಾರತದಿಂದ ಮಕ್ಕಳ ಕಳ್ಳರು ನೂರಾರು ಮಂದಿ ಬಂದಿಳಿದಿದ್ದಾರೆ, ಚಾಕೊಲೇಟ್ ಕೊಟ್ಟು ಮಕ್ಕಳನ್ನು ಎತ್ತಿಕೊಂಡು ಹೋಗುತ್ತಿದ್ದಾರೆ. ಜನ ಸೇರಿದರು, ಹೊಡೆದರು. ಹಿರಿಯಾಕೆ ಸತ್ತರು. ಜೊತೆಯಲ್ಲಿದ್ದ ನಾಲ್ವರು ಗಾಯಗೊಂಡು ಆಸ್ಪತ್ರೆ ಸೇರಿದರು. ಸತ್ತವರೂ ತಮಿಳರು, ಹೊಡೆದವರೂ ತಮಿಳರು, ಉತ್ತರ ಭಾರತದವರು ಅಲ್ಲಿ ಒಬ್ಬರೂ ಇರಲಿಲ್ಲ!

ಮೊರಪ್ಪೂರಿನಿಂದ ಹರೂರು ದಾಟಿ ಪೂರ್ವಕ್ಕೆ ಹೋದರೆ ಸಿಗುವುದೇ ತಿರುವಣ್ಣಾಮಲೈ ಜಿಲ್ಲೆ. ದೂರದ ಯಾವುದೋ ರಾಜ್ಯದ ಕಥೆ ಇದಲ್ಲ.

ಎರಡೇ ವಾರದಲ್ಲಿ ಅದೇ ಮಾತು ಕನ್ನಡ ಕಲಿತು ಬೆಂಗಳೂರು ಸೇರಿತು. ಮೇ 23ರಂದು ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ 26 ವರ್ಷದ ಯುವಕನನ್ನು ಮಕ್ಕಳ ಕಳ್ಳನೆಂದು ಕಟ್ಟಿ ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಹೈದರಾಬಾದಿನ 32 ವರ್ಷದ ಸಾಫ್ಟ್‌ವೇರ್ ಎಂಜಿನಿಯರ್ ಇದೇ ರೀತಿ ಬಲಿಯಾದರು. ಅಲ್ಲಿಯೂ ಶುರುವಾದದ್ದು ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದರಿಂದಲೇ. ಗಾಬರಿಯಾಗಿ ಗೆಳೆಯರು ಕಾರು ಓಡಿಸಿಕೊಂಡು ಹೊರಟರೆ, ಅವರಿಗಿಂತ ಮುಂಚೆ ವಾಟ್ಸಪ್ ಗುಂಪಿನಲ್ಲಿ ಕಾರಿನ ಸುದ್ದಿ ಮುಂದಿನೂರಿಗೆ ತಲುಪಿತ್ತು. ರಸ್ತೆಗೆ ಅಡ್ಡ ಹಾಕಿ ಕಾದಿದ್ದರು. ಬಿಡಿಸಲು ಹೋದ ಪೊಲೀಸರಿಗೂ ಏಟು ಬಿತ್ತು.

ಕರಾಚಿಯ ಬೀದಿ ನಮ್ಮೂರಿನ ಬೀದಿಯಾದ ಬಗೆ

ಆ ದಿನಗಳಲ್ಲಿ ಹೆಚ್ಚು ಓಡಾಡಿದ ವಿಡಿಯೋ ಒಂದಿತ್ತು. ಬೀದಿಯಲ್ಲಿ ಮಕ್ಕಳು ಆಡುತ್ತಿರುತ್ತಾರೆ. ಬೈಕಿನಲ್ಲಿ ಇಬ್ಬರು ಬರುತ್ತಾರೆ, ಹಿಂದೆ ಕೂತವನು ಮಗುವೊಂದನ್ನು ಬಾಚಿ ಎತ್ತಿಕೊಳ್ಳುತ್ತಾನೆ, ಬೈಕು ಮಾಯ. ನೋಡಿದ ತಾಯಂದಿರ ಎದೆ ಧಸಕ್ಕೆಂದದ್ದು ಸಹಜ.

ವಿಡಿಯೋದ ಅಸಲು ಕಥೆ ಬೇರೆ. ಅದು ಪಾಕಿಸ್ತಾನದ ಕರಾಚಿಯಲ್ಲಿ, ಕಳೆದುಹೋದ ಮಕ್ಕಳಿಗಾಗಿ ಕೆಲಸ ಮಾಡುವ ರೋಶ್ನಿ ಹೆಲ್ಪ್‌ಲೈನ್ ಎಂಬ ಸಂಸ್ಥೆಗಾಗಿ ಮಾಡಿದ ಜಾಗೃತಿ ಚಿತ್ರ. ಕೊನೆಯಲ್ಲಿ ಬೈಕಿನವರು ವಾಪಸ್ ಬಂದು ಮಗುವನ್ನು ಇಳಿಸುತ್ತಾರೆ, ಕರಾಚಿಯ ಬೀದಿಯಿಂದ ಮಗುವನ್ನು ಅಪಹರಿಸಲು ಒಂದು ಕ್ಷಣ ಸಾಕು ಎಂಬ ಅರ್ಥದ ಫಲಕ ಹಿಡಿದು ತೋರಿಸುತ್ತಾರೆ. ಯಾರೋ ಪುಣ್ಯಾತ್ಮ ಈ ಕೊನೆಯ ತುಂಡನ್ನು ಕತ್ತರಿಸಿ ಎಸೆದ. ಉಳಿದದ್ದು ಅಪಹರಣ ಮಾತ್ರ. ಇದರ ಜೊತೆಗೆ ಸಾಲಾಗಿ ಮಲಗಿಸಿದ ಮಕ್ಕಳ ಶವಗಳ ಫೋಟೋ ಒಂದನ್ನೂ ಕಳ್ಳರ ಕೆಲಸವೆಂದು ಸೇರಿಸಿದ್ದರು. ಅದು 2013ರಲ್ಲಿ ಸಿರಿಯಾದಲ್ಲಿ ನಡೆದ ವಿಷಾನಿಲ ದಾಳಿಯ ಚಿತ್ರ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ವಿಡಿಯೋ ಒಂದೇ, ಆದರೆ ಅದರ ಕೆಳಗಿನ ಬರಹದಲ್ಲಿ ಊರಿನ ಹೆಸರು ಮಾತ್ರ ಬದಲಾಗುತ್ತಾ ಹೋಗುತ್ತದೆ. ತಮಿಳಿನಲ್ಲಿ ಬಂದಾಗ ತಮಿಳುನಾಡಿನ ಊರು, ತೆಲುಗಿನಲ್ಲಿ ಆಂಧ್ರದ ಊರು, ಕನ್ನಡದಲ್ಲಿ ಬೆಂಗಳೂರು. ಒಂದೇ ಭಾಷೆ ಬಲ್ಲವನಿಗೆ ಈ ಮೋಸ ಕಾಣುವುದಿಲ್ಲ. ಧರ್ಮಪುರಿ, ಕೃಷ್ಣಗಿರಿ, ಸೇಲಂ ಕಡೆಯ ಕನ್ನಡದ ಮನೆಗಳಲ್ಲಿ ಕಥೆ ಬೇರೆ. ಮನೆಯೊಳಗೆ ಕನ್ನಡ, ಅಂಗಡಿ ಶಾಲೆಗಳಲ್ಲಿ ತಮಿಳು. ಬೆಂಗಳೂರಿನ ಅಳಿಯನಿಂದ ಕನ್ನಡದ ಸಂದೇಶ, ಸೇಲಂನ ಸ್ನೇಹಿತನಿಂದ ತಮಿಳಿನ ಸಂದೇಶ, ಎರಡೂ ಒಂದೇ ಫೋನಿಗೆ ಬಂದು ಬೀಳುತ್ತವೆ. ಒಂದೇ ಚಿತ್ರಕ್ಕೆ ಎರಡು ಊರು, ಎರಡು ತಾರೀಖು ಇದ್ದರೆ ಎರಡರಲ್ಲೊಂದು ಸುಳ್ಳು. ಬಹಳ ಸಲ ಎರಡೂ ಸುಳ್ಳು. ಈ ಪರೀಕ್ಷೆಗೆ ಕಂಪ್ಯೂಟರ್ ಬೇಡ, ಎರಡು ಭಾಷೆ ಓದಲು ಬಂದರೆ ಸಾಕು. ಅಂದ ಹಾಗೆ, ವದಂತಿ ಎಂಬ ಪದ ಎರಡು ಭಾಷೆಗಳಿಗೂ ಒಂದೇ!

ಇ-ಮೇಲ್ ಕಾಲದ ದೊಡ್ಡ ಲೆಕ್ಕ

ವಾಟ್ಸಪ್ಪಿಗೆ ಎಲ್ಲ ದೂರನ್ನೂ ಹೊರಿಸುವುದು ಸರಿಯಲ್ಲ. 1990ರ ದಶಕದಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿ ಮನೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದದ್ದು ಯಾವ ಮೊಬೈಲನ್ನು ನೋಡಿ? ರಾತ್ರಿ ಬಾಗಿಲು ತಟ್ಟುವ ದೆವ್ವ ಓದಿಕೊಂಡು ವಾಪಸ್ ಹೋಗುತ್ತದೆಂಬ ನಂಬಿಕೆ ಬಾಯಿಂದ ಬಾಯಿಗೇ ಹಬ್ಬಿತು. 1995ರ ಸೆಪ್ಟೆಂಬರ್ 21ರಂದು ಗಣೇಶ ಹಾಲು ಕುಡಿದ ಸುದ್ದಿಯನ್ನು ದೇಶದ ತುಂಬ ಒಯ್ದದ್ದು ಮಾಮೂಲಿ ಟೆಲಿಫೋನು.

ಆಮೇಲೆ ಇ-ಮೇಲ್ ಬಂತು. ಹತ್ತು ಮಂದಿಗೆ ಕಳಿಸಿ, ದೇಶಪ್ರೇಮಿಯಾದರೆ ಕಳಿಸಿ ಎನ್ನುವ ಸರಪಳಿ ಪತ್ರಗಳೂ ಬಂದವು. ಅವುಗಳಲ್ಲಿ ರಾಜಕೀಯವಾಗಿ ಬಹಳ ಕೆಲಸ ಮಾಡಿದ್ದು 2009ರ ಲೋಕಸಭಾ ಚುನಾವಣೆಯ ಹೊತ್ತಿನ ಸ್ವಿಸ್ ಬ್ಯಾಂಕ್ ಪತ್ರ. ಸ್ವಿಸ್ ಬ್ಯಾಂಕುಗಳ ಸಂಘದ 2006ರ ವರದಿಯೆಂದು ಹೇಳಿಕೊಂಡು ಅದು ಒಂದು ಪಟ್ಟಿ ಕೊಡುತ್ತಿತ್ತು : ಭಾರತೀಯರ ಹಣ 1,456 ಶತಕೋಟಿ ಡಾಲರ್, ರಷ್ಯಾದವರದು 470 ಶತಕೋಟಿ, ಬ್ರಿಟನ್ನಿನವರದು 390 ಶತಕೋಟಿ... ಈ ಅಂಕಿ ವೇದಿಕೆ ಏರಿತು, ಪತ್ರಿಕೆ ಸೇರಿತು, ಚಹದಂಗಡಿಯಲ್ಲಿ ಪ್ರತಿಯೊಬ್ಬರಿಗೂ ಎಷ್ಟು ಲಕ್ಷ ಬರುತ್ತದೆಂದು ಭಾಗಾಕಾರವೂ ಆಯಿತು.

ಅಂಥ ವರದಿ ತಾವು ಮಾಡಿಯೇ ಇಲ್ಲ ಎಂದು ಸ್ವಿಸ್ ಬ್ಯಾಂಕುಗಳ ಸಂಘ ಸ್ಪಷ್ಟವಾಗಿ ಹೇಳಿತು. ಅವರು ಹೇಳುವವರೆಗೂ ಕಾಯಬೇಕಾಗಿರಲಿಲ್ಲ ಎನ್ನುವುದೇ ಇಲ್ಲಿನ ಸ್ವಾರಸ್ಯ. ಆ ವರ್ಷ ಇಡೀ ಭಾರತದ ಒಟ್ಟು ವಾರ್ಷಿಕ ಉತ್ಪನ್ನವೇ ಸುಮಾರು 1,200 ಶತಕೋಟಿ ಡಾಲರ್. ದೇಶದ ಜನ ಒಂದು ವರ್ಷ ದುಡಿದದ್ದಕ್ಕಿಂತ ಹೆಚ್ಚು ಹಣ ಒಂದು ಪುಟ್ಟ ದೇಶದ ಬ್ಯಾಂಕಿನಲ್ಲಿದೆ ಎಂದರೆ ಒಂದು ಸಲ ಹುಬ್ಬೇರಿಸಬೇಡವೇ? 2012ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಕಪ್ಪುಹಣದ ಶ್ವೇತಪತ್ರದಲ್ಲಿ, ಸ್ವಿಸ್ ಬ್ಯಾಂಕುಗಳು ಭಾರತೀಯರಿಗೆ ಕೊಡಬೇಕಾದ ಹಣ 2006ರ ಕೊನೆಗೆ 23,373 ಕೋಟಿ ರೂಪಾಯಿ, 2010ರ ಕೊನೆಗೆ 9,295 ಕೋಟಿ ರೂಪಾಯಿ ಎಂದಿದೆ. ಪತ್ರದ ಅಂಕಿಯನ್ನು ರೂಪಾಯಿಗೆ ತಂದರೆ 65 ಲಕ್ಷ ಕೋಟಿಗೂ ಮೇಲೆ! ಶ್ವೇತಪತ್ರದ ಅಂಕಿಯಲ್ಲಿ ಬೇರೆ ದೇಶದ ಕಂಪನಿ ಹೆಸರಿನಲ್ಲಿ ಬಚ್ಚಿಟ್ಟದ್ದು ಸೇರಿಲ್ಲ, ನಿಜ. ಕಪ್ಪುಹಣವೇ ಇಲ್ಲ ಎಂದು ಯಾರೂ ಹೇಳುತ್ತಿಲ್ಲ. ಆದರೆ ಇಲ್ಲದ ವರದಿಯ ಅಂಕಿ ಹಿಡಿದು ಮತ ಕೇಳಿದವರು, ಮತ ಹಾಕಿದವರು ಇಬ್ಬರೂ ಇದ್ದರು.

ಅದೇ ಕಾಲದ ಇನ್ನೊಂದು ಪತ್ರ ಮೆಕಾಲೆಯದು. ಭಾರತದಲ್ಲಿ ಒಬ್ಬ ಭಿಕ್ಷುಕನನ್ನೂ ಒಬ್ಬ ಕಳ್ಳನನ್ನೂ ಕಾಣಲಿಲ್ಲ, ಈ ದೇಶದ ಬೆನ್ನು ಮುರಿಯಲು ಇವರ ಶಿಕ್ಷಣ ಬದಲಿಸಬೇಕು ಎಂದು ಆತ 1835ರ ಫೆಬ್ರವರಿ 2ರಂದು ಬ್ರಿಟಿಷ್ ಸಂಸತ್ತಿನಲ್ಲಿ ಭಾಷಣ ಮಾಡಿದನಂತೆ. ತಾರೀಖು ನೋಡಿ. ಮೆಕಾಲೆ 1834ರ ಜೂನ್‌ನಲ್ಲಿ ಮದ್ರಾಸಿಗೆ ಬಂದಿಳಿದು, ಬೆಂಗಳೂರು, ಮೈಸೂರು ದಾರಿಯಾಗಿ ಊಟಿಗೆ ಹೋಗಿ, ಆಮೇಲೆ ಕಲ್ಕತ್ತಾ ಸೇರಿದ್ದ. 1835ರ ಫೆಬ್ರವರಿಯಲ್ಲಿ ಕಲ್ಕತ್ತಾದಲ್ಲಿದ್ದ ಮನುಷ್ಯ ಲಂಡನ್ನಿನಲ್ಲಿ ಭಾಷಣ ಮಾಡುವುದು ಹೇಗೆ? ಆ ತಾರೀಖಿನಲ್ಲಿ ಆತ ಬರೆದದ್ದು ಇಂಗ್ಲಿಷ್ ಶಿಕ್ಷಣದ ಪರವಾದ ಟಿಪ್ಪಣಿ. ಅದರಲ್ಲಿ ನಮ್ಮ ಭಾಷೆ, ವಿದ್ಯೆಗಳ ಬಗ್ಗೆ ಸಾಕಷ್ಟು ತಾತ್ಸಾರವಿದೆ. ಮೆಕಾಲೆಯನ್ನು ಬೈಯಲು ನಿಜವಾದ ಕಾರಣಗಳೇ ಬೇಕಾದಷ್ಟು ಇರುವಾಗ ಸುಳ್ಳು ಭಾಷಣ ಯಾಕೆ ಬೇಕಿತ್ತೋ!

ಕಾವೇರಿಗೆ ಬೇಕು ಗುಣಾಕಾರ

ಹೊಗೇನಕಲ್ ಇರುವ ಜಿಲ್ಲೆಯವರಿಗೆ ಕಾವೇರಿಯ ಸಂದೇಶಗಳಷ್ಟು ಬಿಸಿ ಬೇರೆ ಇಲ್ಲ. ಮಳೆ ಕೈಕೊಟ್ಟ ವರ್ಷ ಎರಡೂ ಕಡೆಯಿಂದ ಬರುತ್ತವೆ. ಒಂದು ಸಣ್ಣ ಲೆಕ್ಕ ಗೊತ್ತಿದ್ದರೆ ಅರ್ಧ ಸಂದೇಶಗಳ ಬಣ್ಣ ಬಯಲಾಗುತ್ತದೆ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು. ದಿನಕ್ಕೆ 86,400 ಸೆಕೆಂಡು. ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಭಾಗಿಸಿದರೆ, ಸುಮಾರು 11,574 ಕ್ಯೂಸೆಕ್ ನೀರು ದಿನವಿಡೀ ಹರಿದರೆ ಒಂದು ಟಿಎಂಸಿ. ಜೊತೆಗೆ ಮೂರು ಅಂಕಿ ನೆನಪಿರಲಿ : ಕೆಆರ್‌ಎಸ್ ಪೂರ್ಣ ಸಾಮರ್ಥ್ಯ 49.45 ಟಿಎಂಸಿ, ಮೆಟ್ಟೂರು 93.47 ಟಿಎಂಸಿ, 2018ರ ಫೆಬ್ರವರಿ 16ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಮಾಮೂಲಿ ಮಳೆಯ ವರ್ಷದಲ್ಲಿ ಬಿಳಿಗುಂಡ್ಲುವಿನಲ್ಲಿ ಅಳೆದು ತಮಿಳುನಾಡಿಗೆ ಸಿಗಬೇಕಾದ್ದು 177.25 ಟಿಎಂಸಿ.

2016ನ್ನೇ ತೆಗೆದುಕೊಳ್ಳಿ. ಸೆಪ್ಟೆಂಬರ್ 5ರಂದು ಸುಪ್ರೀಂ ಕೋರ್ಟ್ ದಿನಕ್ಕೆ 15,000 ಕ್ಯೂಸೆಕ್‌ನಂತೆ ಹತ್ತು ದಿನ ಬಿಡಿ ಎಂದಿತು. ಅಂದರೆ ದಿನಕ್ಕೆ 1.3 ಟಿಎಂಸಿ, ಒಟ್ಟು 13. ಸೆಪ್ಟೆಂಬರ್ 12ರಂದು ಅದನ್ನು ಬದಲಿಸಿ, 12,000 ಕ್ಯೂಸೆಕ್‌ನಂತೆ 20ನೇ ತಾರೀಖಿನವರೆಗೆ ಎಂದಿತು. ಕರ್ನಾಟಕಕ್ಕೆ ಗೆಲುವು ಎಂದವರು 15ರಿಂದ 12ಕ್ಕೆ ಇಳಿದದ್ದನ್ನು ಮಾತ್ರ ನೋಡಿದರು. ಮೋಸವಾಯಿತು ಎಂದವರು ಹೆಚ್ಚಿದ ದಿನಗಳನ್ನು ಮಾತ್ರ ನೋಡಿದರು. ದರ ಇಳಿದಿತ್ತು, ದಿನ ಏರಿತ್ತು, ಕೂಡಿ ನೋಡಿದರೆ ಬಿಡಬೇಕಾದ ನೀರು ಹೆಚ್ಚೇ ಆಗಿತ್ತು. ಇಷ್ಟನ್ನು ಎರಡು ಸಾಲಿನಲ್ಲಿ ಹೇಳಬಹುದಿತ್ತು. ಆ ದಿನ ಕೂಡಿ ನೋಡುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಸಂಜೆಯೊಳಗೆ ಬೆಂಗಳೂರಿನಲ್ಲಿ ಸೇಲಂ ಮೂಲದ ಕೆಪಿಎನ್ ಸಂಸ್ಥೆಯ 40ಕ್ಕೂ ಹೆಚ್ಚು ಬಸ್ಸುಗಳು ನಿಂತಲ್ಲೇ ಸುಟ್ಟು ಬೂದಿಯಾದವು. ಗಲಭೆಯಲ್ಲಿ ಜೀವಗಳೂ ಹೋದವು.

ಆ ವಾರ ಹರಿದಾಡಿದ ವಿಡಿಯೋಗಳಲ್ಲಿ ಎರಡು ನಿಜವೇ ಆಗಿದ್ದವು. ಬೆಂಗಳೂರಿನಲ್ಲಿ ಫೇಸ್‌ಬುಕ್ ಬರಹಕ್ಕಾಗಿ ತಮಿಳು ಹುಡುಗನೊಬ್ಬನಿಗೆ ಹೊಡೆದದ್ದು, ರಾಮೇಶ್ವರದಲ್ಲಿ ಕರ್ನಾಟಕದ ಚಾಲಕನೊಬ್ಬನಿಗೆ ಹೊಡೆದದ್ದು. ನಿಜವಾದ ವಿಡಿಯೋದಿಂದಲೂ ಸುಳ್ಳು ಹೇಳಬಹುದೆಂಬುದು ಇಲ್ಲಿ ಗೊತ್ತಾಗುತ್ತದೆ. ಒಬ್ಬನಿಗೆ ಒಂದು ಸಲ ಬಿದ್ದ ಏಟನ್ನು ಸಾವಿರ ಸಲ ತೋರಿಸಿದರೆ ಸಾವಿರ ಜನಕ್ಕೆ ಏಟು ಬಿದ್ದಂತೆ ಕಾಣುತ್ತದೆ. ಅದು ‘ಇದೀಗ’ ನಡೆಯುತ್ತಿದೆ ಎಂದು ನಾಲ್ಕು ದಿನ ಬಿಟ್ಟು ಕಳಿಸಿದರೆ ನಾಲ್ಕು ದಿನದ ಹಳೆಯ ಬೆಂಕಿ ಮತ್ತೆ ಹೊತ್ತುತ್ತದೆ.

ಹೊಗೇನಕಲ್ ಕುಡಿಯುವ ನೀರಿನ ಯೋಜನೆಯ ಜಗಳವೂ ಈ ಲೆಕ್ಕಕ್ಕೆ ಹೊರತಲ್ಲ. 2008ರಲ್ಲಿ ಕರ್ನಾಟಕದ ವಿಧಾನಸಭಾ ಚುನಾವಣೆ ಹತ್ತಿರವಿದ್ದಾಗ ಅದು ಭುಗಿಲೆದ್ದು, ಬೆಂಗಳೂರಿನಲ್ಲಿ ತಮಿಳು ಚಿತ್ರಮಂದಿರಗಳ ಮೇಲೆ ಕಲ್ಲು ಬಿತ್ತು, ಚೆನ್ನೈಯಲ್ಲಿ ತಮಿಳು ಚಿತ್ರರಂಗದವರು ಉಪವಾಸ ಕುಳಿತರು. ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿ ಹಲ್ಲು ಮೂಳೆ ಕೆಡುತ್ತಿದ್ದ ಧರ್ಮಪುರಿ, ಕೃಷ್ಣಗಿರಿಗಳಿಗೆ ಕುಡಿಯಲು ಕೇಳಿದ ನೀರು ವರ್ಷಕ್ಕೆ 1.4 ಟಿಎಂಸಿ. 177.25ರಲ್ಲಿ ಇದು ನೂರಕ್ಕೆ ಒಂದೂ ಆಗುವುದಿಲ್ಲ. ಗಡಿಯ ಬಗ್ಗೆ, ಹಕ್ಕಿನ ಬಗ್ಗೆ ವಾದ ಮಾಡುವವರು ಮಾಡಲಿ, ಅದು ಬೇರೆ ಮಾತು. ಬೆಂಗಳೂರಿನ ಕೊಳಾಯಿ ಒಣಗಿಹೋಗುತ್ತದೆಂಬ ಮಾತಿಗೆ ಮಾತ್ರ ಲೆಕ್ಕ ಕೂಡುವುದಿಲ್ಲ. ಯೋಜನೆ 2013ರ ಮೇ ತಿಂಗಳಲ್ಲಿ ಉದ್ಘಾಟನೆಯಾಯಿತು. ಕೊಳಾಯಿಯಲ್ಲಿ ಆ ನೀರು ಹಿಡಿಯುವ ಮನೆಗಳಲ್ಲಿ ಕನ್ನಡದ ಮನೆಗಳೂ ಇವೆ.

ರೈಲು ತುಂಬಿದ್ದು ಯಾಕೆ?

2012ರ ಆಗಸ್ಟ್ 15ರ ಸಂಜೆ ಬೆಂಗಳೂರು ರೈಲು ನಿಲ್ದಾಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಈಶಾನ್ಯ ರಾಜ್ಯಗಳ ಸಾವಿರಾರು ಹುಡುಗ ಹುಡುಗಿಯರು ಹೋಟೆಲು, ಬ್ಯೂಟಿ ಪಾರ್ಲರು, ಕಾವಲು ಕೆಲಸ ಬಿಟ್ಟು ಗುವಾಹಟಿ ರೈಲಿಗೆ ಮುಗಿಬಿದ್ದಿದ್ದರು. ರಂಜಾನ್ ಮುಗಿಯುವುದರೊಳಗೆ ನಿಮ್ಮ ಮೇಲೆ ದಾಳಿಯಾಗುತ್ತದೆ ಎಂಬ ಎಸ್ಸೆಮ್ಮೆಸ್ ಅವರನ್ನು ಎಬ್ಬಿಸಿತ್ತು. ಅಸ್ಸಾಮಿನ ಕೊಕ್ರಜಾರ್‌ನಲ್ಲಿ ಜುಲೈನಲ್ಲಿ ನಡೆದ ಹಿಂಸೆ ನಿಜ. ಮೈಸೂರಿನಲ್ಲಿ ಟಿಬೆಟ್ ವಿದ್ಯಾರ್ಥಿಯೊಬ್ಬನಿಗೆ ಚೂರಿ ಬಿದ್ದದ್ದೂ ನಿಜ. ಆ ಎರಡು ನಿಜಗಳ ಮೇಲೆ ಬರಲಿರುವ ದಾಳಿಯ ಸುಳ್ಳು ಕೂತಿತ್ತು. ಎದುರಿನ ಕಡೆಗೂ ಸುಳ್ಳು ಹಂಚಲಾಗಿತ್ತು. ಬರ್ಮಾದಲ್ಲಿ ಮುಸ್ಲಿಮರ ಹತ್ಯಾಕಾಂಡವೆಂದು ಹರಿದಾಡಿದ ಫೋಟೋಗಳಲ್ಲೊಂದು 2010ರಲ್ಲಿ ಚೀನಾದ ಕಿಂಗ್‌ಹಾಯ್ ಪ್ರಾಂತ್ಯದ ಭೂಕಂಪದಲ್ಲಿ ಶವಸಂಸ್ಕಾರಕ್ಕೆ ನಿಂತ ಟಿಬೆಟ್ ಬೌದ್ಧ ಭಿಕ್ಷುಗಳದು!

ಸರ್ಕಾರ ಆಗಸ್ಟ್ 17ರಂದು ಒಂದು ಸಲಕ್ಕೆ ಐದಕ್ಕಿಂತ ಹೆಚ್ಚು ಮಂದಿಗೆ ಎಸ್ಸೆಮ್ಮೆಸ್ ಕಳಿಸದಂತೆ ಮಿತಿ ಹಾಕಿತು. ಆರು ವರ್ಷದ ಮೇಲೆ, 2018ರ ಜುಲೈನಲ್ಲಿ, ವಾಟ್ಸಪ್ ಕೂಡ ಭಾರತದಲ್ಲಿ ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಎಂಬ ಮಿತಿ ತಂದದ್ದು ಕಾಕತಾಳೀಯವೋ ಏನೋ. ಅದಕ್ಕೆ ಬೇಕಾದದ್ದು ಮಾತ್ರ ಅಷ್ಟು ಸಾವುಗಳು.

2023ರ ಮಾರ್ಚ್‌ನಲ್ಲಿ ಸರದಿ ತಮಿಳುನಾಡಿನದು. ಇಲ್ಲಿ ಬಿಹಾರದ ಕೂಲಿಯವರನ್ನು ಹುಡುಕಿ ಹುಡುಕಿ ಹೊಡೆಯುತ್ತಿದ್ದಾರೆ, ಕೊಲ್ಲುತ್ತಿದ್ದಾರೆ ಎಂಬ ವಿಡಿಯೋಗಳು ಬಿಹಾರದ ವಿಧಾನಸಭೆಯಲ್ಲೇ ಗದ್ದಲ ಎಬ್ಬಿಸಿದವು. ತಮಿಳುನಾಡು ಪೊಲೀಸ್ ಮುಖ್ಯಸ್ಥರಾಗಿದ್ದ ಶೈಲೇಂದ್ರ ಬಾಬು ತಾವೇ ವಿಡಿಯೋದಲ್ಲಿ ಬಂದು ವಿವರಿಸಿದರು : ಒಂದು, ತಿರುಪ್ಪೂರಿನಲ್ಲಿ ಬಿಹಾರದವರೇ ಎರಡು ಗುಂಪಾಗಿ ಬಡಿದಾಡಿಕೊಂಡದ್ದು. ಇನ್ನೊಂದು, ಕೊಯಮತ್ತೂರಿನ ಸ್ಥಳೀಯರ ನಡುವಿನ ಜಗಳ. ಬಿಹಾರದಿಂದ ಅಧಿಕಾರಿಗಳ ತಂಡವೂ ಬಂದು ನೋಡಿಕೊಂಡು ಹೋಯಿತು. ಜನ ಹೆದರಿ ಓಡುತ್ತಿರುವುದಕ್ಕೆ ಸಾಕ್ಷಿಯೆಂದು ತುಂಬಿ ತುಳುಕುವ ರೈಲುಗಳನ್ನು ತೋರಿಸಿದರಲ್ಲ, ಅದಕ್ಕೆ ಕ್ಯಾಲೆಂಡರ್ ನೋಡಿದ್ದರೆ ಸಾಕಿತ್ತು. ಮಾರ್ಚ್ 8ಕ್ಕೆ ಹೋಳಿ. ದೀಪಾವಳಿಗೆ ಮೊರಪ್ಪೂರು ನಿಲ್ದಾಣದಲ್ಲಿ ಇಳಿಯುವ ಜನಸಂದಣಿ ನೋಡಿದವರಿಗೆ ಹಬ್ಬದ ರೈಲು ಹೇಗಿರುತ್ತದೆಂದು ಹೇಳಿಕೊಡಬೇಕಾಗಿಲ್ಲ.

ಫೋಟೋ ಪರೀಕ್ಷೆ, ಅಧಿಕಾರಿಯ ಮಾತು

ಫೋಟೋ ಹಳೆಯದೋ ಹೊಸದೋ ತಿಳಿಯಲು ಆಂಡ್ರಾಯ್ಡ್ ಫೋನಿನಲ್ಲಿರುವ ಗೂಗಲ್ ಲೆನ್ಸ್ ಸಾಕು. ಚಿತ್ರವನ್ನು ಅದಕ್ಕೆ ಕೊಟ್ಟರೆ ಇಂಟರ್‌ನೆಟ್ಟಿನಲ್ಲಿ ಅದೇ ಚಿತ್ರ ಮೊದಲು ಎಲ್ಲೆಲ್ಲಿ ಬಂದಿದೆಯೆಂದು ತೋರಿಸುತ್ತದೆ. ವಿಡಿಯೋ ಆದರೆ, ಮುಖ್ಯ ಜಾಗದಲ್ಲಿ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದು ಅದನ್ನೇ ಕೊಡಬೇಕು. ಜೊತೆಗೆ ಕಣ್ಣೂ ಕೆಲಸ ಮಾಡಲಿ : ಅಂಗಡಿ ಬೋರ್ಡು ಯಾವ ಲಿಪಿಯಲ್ಲಿದೆ, ಬಸ್ಸಿನ ಬಣ್ಣ ಯಾವ ರಾಜ್ಯದ್ದು, ಗಾಡಿಯ ನಂಬರು ಕೆಎಯೋ ಟಿಎನ್ನೋ, ಪೊಲೀಸರ ಟೋಪಿ ಎಂಥದು, ಮಾತಿನ ಧಾಟಿ ಎಲ್ಲಿಯದು. ಧರ್ಮಪುರಿಯದೆಂದು ಬಂದ ವಿಡಿಯೋದಲ್ಲಿ ಜನ ಹಿಂದಿ ಮಾತಾಡುತ್ತಿದ್ದರೆ ಅಲ್ಲೇ ಮುಗಿಯಿತು.

ಜನಸಾಗರದ ಚಿತ್ರಗಳಿಗೆ ಇನ್ನೊಂದು ಉಪಾಯ. 2017ರ ಆಗಸ್ಟ್ 27ರಂದು ಪಟ್ನಾದಲ್ಲಿ ನಡೆದ ತಮ್ಮ ರ‍್ಯಾಲಿಯದೆಂದು ಲಾಲು ಪ್ರಸಾದ್ ಹಂಚಿಕೊಂಡ ಚಿತ್ರದಲ್ಲಿ ಜನರನ್ನು ಅಂಟಿಸಿ ಅಂಟಿಸಿ ಹೆಚ್ಚಿಸಲಾಗಿತ್ತು. ಸುದ್ದಿಸಂಸ್ಥೆಯ ಚಿತ್ರದ ಪಕ್ಕ ಇಟ್ಟಾಗ ಬಯಲಾಯಿತು. 2018ರ ಮಾರ್ಚ್‌ನಲ್ಲಿ, ಕರ್ನಾಟಕದ ಚುನಾವಣೆಗೆ ಮುನ್ನ, ಗಾಯಗೊಂಡ ಜೈನ ಮುನಿಯೊಬ್ಬರ ಚಿತ್ರ ಹಾಕಿ ಮುಸ್ಲಿಮರು ದಾಳಿ ಮಾಡಿದರೆಂದು ಬರೆದದ್ದು ಎದುರು ಪಾಳೆಯದ ಬೆಂಬಲಿಗರು. ಮುನಿಗಳಿಗೆ ಗಾಯವಾದದ್ದು ರಸ್ತೆ ಅಪಘಾತದಲ್ಲಿ. ಯಾವ ಪಕ್ಷವೂ ಈ ವಿದ್ಯೆಯಲ್ಲಿ ಹಿಂದೆ ಬಿದ್ದಿಲ್ಲ. ನಮಗೆ ಇಷ್ಟವಾದ ಪಕ್ಷದ ಸುಳ್ಳು ಮಾತ್ರ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ.

ಸುಳ್ಳಿನಲ್ಲಿ ಅತಿ ಅಪಾಯಕಾರಿ ಅರ್ಧ ನಿಜದ್ದು. ಪ್ರತಿ ಚುನಾವಣೆಗೂ ತಪ್ಪದೆ ಬರುವ ಸಂದೇಶ ಇದಕ್ಕೆ ಒಳ್ಳೆಯ ಉದಾಹರಣೆ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಆಧಾರ್ ತೋರಿಸಿ ‘49ಎ ಪ್ರಕಾರ ಚಾಲೆಂಜ್ ವೋಟ್’ ಕೇಳಿ, ನಿಮ್ಮ ಮತ ಬೇರೆಯವರು ಹಾಕಿದ್ದರೆ ‘ಟೆಂಡರ್ ವೋಟ್’ ಕೇಳಿ, ಟೆಂಡರ್ ಮತ ಶೇಕಡಾ 14 ದಾಟಿದರೆ ಮರುಮತದಾನ! ಇದರಲ್ಲಿ ಟೆಂಡರ್ ಮತ ಮಾತ್ರ ನಿಜ. 1961ರ ಚುನಾವಣಾ ನಿಯಮಗಳ 49ಪಿ ಅದಕ್ಕೆ ಅವಕಾಶ ಕೊಡುತ್ತದೆ. 49ಎ ಇರುವುದು ಮತಯಂತ್ರದ ರಚನೆಯ ಬಗ್ಗೆ. ಚಾಲೆಂಜ್ ಎನ್ನುವುದು ಮತಗಟ್ಟೆಯ ಏಜೆಂಟ್ ಮತದಾರನ ಗುರುತನ್ನು ಪ್ರಶ್ನಿಸುವ ಕ್ರಮ. ಶೇಕಡಾ 14ರ ಮಾತು ಯಾವ ನಿಯಮದಲ್ಲೂ ಇಲ್ಲ. ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಆಧಾರ್ ತೋರಿಸಿದರೂ ಮತವಿಲ್ಲ. ಇದನ್ನು ನಂಬಿ ಹೆಸರು ಸೇರಿಸದೆ ಕೂತವರು ಮತದಾನದ ದಿನ ಬರಿಗೈಯಲ್ಲಿ ವಾಪಸ್ ಬರುತ್ತಾರೆ. 1950ಕ್ಕೆ ಫೋನ್ ಮಾಡಿ ಮುಂಚೆಯೇ ಕೇಳಿಕೊಂಡರೆ ಈ ಕಷ್ಟವಿಲ್ಲ.

ಯಾರನ್ನು ಕೇಳಬೇಕು? ಕೇಂದ್ರದ ವಿಷಯಕ್ಕೆ ಪಿಐಬಿಯ ಫ್ಯಾಕ್ಟ್ ಚೆಕ್ ವಿಭಾಗ 2019ರಿಂದ ಇದೆ. ತಮಿಳುನಾಡು ಸರ್ಕಾರ 2023ರಲ್ಲಿ ತನ್ನದೇ ಘಟಕ ಮಾಡಿಕೊಂಡಿತು. ಖಾಸಗಿಯಾಗಿ ತಮಿಳಿನಲ್ಲಿ ಯೂಟರ್ನ್, ಇಂಗ್ಲಿಷ್ ಹಿಂದಿಗಳಲ್ಲಿ ಆಲ್ಟ್ ನ್ಯೂಸ್, ಕನ್ನಡದಲ್ಲಿ ನ್ಯೂಸ್‌ಚೆಕರ್ ಇವೆ. ಸರ್ಕಾರದ ಘಟಕ ಯೋಜನೆ, ಆದೇಶ, ಪರೀಕ್ಷೆಯ ದಿನಾಂಕ ಇಂಥವಕ್ಕೆ ಚೆನ್ನ. ಸರ್ಕಾರದ ಮೇಲಿನ ಆರೋಪವೇ ಪ್ರಶ್ನೆಯಾದಾಗ ಸರ್ಕಾರವೇ ತೀರ್ಪುಗಾರನಾಗುವುದು ಹೇಗೆ? ಕೇಂದ್ರಕ್ಕೆ ಅಂಥ ಅಧಿಕಾರ ಕೊಟ್ಟಿದ್ದ ಐಟಿ ನಿಯಮವನ್ನು ಬಾಂಬೆ ಹೈಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ರದ್ದು ಮಾಡಿತು. ಹಾಗಾಗಿ ಒಂದೇ ಬಾಗಿಲು ತಟ್ಟಿ ಸುಮ್ಮನಾಗುವುದು ಬೇಡ. ಮಗು ಕಾಣೆಯಾದ, ಕಳ್ಳ ಸಿಕ್ಕಿದ ಮಾತು ಬಂದಾಗ ಮಾತ್ರ ಹುಡುಕಾಟ ಬಿಟ್ಟು ಕೂಡಲೇ 112ಕ್ಕೋ ಮಕ್ಕಳ ಸಹಾಯವಾಣಿ 1098ಕ್ಕೋ ಕರೆ ಮಾಡಬೇಕು. ಅತ್ತಿಮೂರಿನಲ್ಲಿ ಆ ಒಂದು ಕರೆ ಮೊದಲು ಹೋಗಿದ್ದರೆ ಕಾರು ಗುಡಿ ತಲುಪುತ್ತಿತ್ತು.

ಕಾನೂನಿನ ಬಗ್ಗೆಯೂ ವಾಟ್ಸಪ್ಪಿನಲ್ಲಿ ಸುಳ್ಳೇ ಹೆಚ್ಚು. ‘ನಾಳೆಯಿಂದ ಎಲ್ಲ ಕರೆಗಳನ್ನೂ ಸರ್ಕಾರ ರೆಕಾರ್ಡ್ ಮಾಡುತ್ತದೆ, ಮೂರು ಟಿಕ್ ಬಂದರೆ ಸರ್ಕಾರ ಓದಿದೆ ಎಂದರ್ಥ’ ಎಂಬ ಸಂದೇಶ ಪದೇ ಪದೇ ಸುಳ್ಳೆಂದು ತೋರಿದರೂ ಸಾಯುತ್ತಿಲ್ಲ. ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದೇ ತೆಗೆದುಹಾಕಿದೆ. ಹಾಗಂತ ಏನು ಬೇಕಾದರೂ ಕಳಿಸಬಹುದೆಂದಲ್ಲ. ಜನರಲ್ಲಿ ಭಯ, ದ್ವೇಷ ಹುಟ್ಟಿಸುವ ಸುಳ್ಳು ಹರಡಿದರೆ ಭಾರತೀಯ ನ್ಯಾಯ ಸಂಹಿತೆಯ 353ನೇ ಕಲಂ ಇದೆ. ಮುರ್ಕಿಯ ಪ್ರಕರಣದಲ್ಲಿ ಹೊಡೆದವರ ಜೊತೆ ವಾಟ್ಸಪ್ ಗುಂಪಿನ ಅಡ್ಮಿನ್ ಕೂಡ ಬಂಧನವಾಗಿದ್ದ.

ಮೊರಪ್ಪೂರಿನ ರೈಲು ಸುದ್ದಿ

ಕೊನೆಗೆ ಊರಿನದೇ ಒಂದು. ಮೊರಪ್ಪೂರಿನಿಂದ ಧರ್ಮಪುರಿಗೆ 1906ರಲ್ಲಿ ಕಿರುಹಳಿಯ ರೈಲು ಬಂತು. 1913ರಲ್ಲಿ ಅದು ಹೊಸೂರಿನವರೆಗೆ ಬೆಳೆಯಿತು. ಎರಡನೇ ಮಹಾಯುದ್ಧದ ನಡುವೆ 1941ರಲ್ಲಿ ಹಳಿ ಕಿತ್ತರು. ಆಮೇಲೆ ಅದನ್ನು ಮರಳಿ ಹಾಕುವ ಮಾತು ಪ್ರತಿ ಚುನಾವಣೆಯಲ್ಲೂ ಕೇಳಿಬರುತ್ತದೆ. 36 ಕಿಲೋಮೀಟರ್ ಹೊಸ ಮಾರ್ಗಕ್ಕೆ 2019ರ ಮಾರ್ಚ್‌ನಲ್ಲಿ, ಲೋಕಸಭಾ ಚುನಾವಣೆಯ ಹೊಸ್ತಿಲಲ್ಲಿ, ಶಂಕುಸ್ಥಾಪನೆಯೂ ಆಯಿತು. ಅಂಥ ಊರಿನಲ್ಲಿ ‘ಮುಂದಿನ ತಿಂಗಳು ರೈಲು ಓಡುತ್ತದೆ’ ಎಂದು ಒಂದು ಕಡೆಯವರು, ‘ಯೋಜನೆ ರದ್ದಾಯಿತು’ ಎಂದು ಇನ್ನೊಂದು ಕಡೆಯವರು ಕಳಿಸಿದರೆ ನಂಬುವವರಿಗೆ ಬರವಿಲ್ಲ. ಹಳಿ ಬರುವ ದಾರಿಯಲ್ಲಿ ಜಮೀನಿದ್ದವರಿಗೆ ಇದು ಹರಟೆಯ ವಿಷಯವಲ್ಲ. ಸುದ್ದಿ ನಂಬಿ ಅವಸರದಲ್ಲಿ ಮಾರಿದವರು, ಕೊಂಡವರು ಆಮೇಲೆ ಯಾರನ್ನು ಕೇಳಬೇಕು?

ಕೇಳಬೇಕಾದ ಕಡೆ ಇದೆ. ಪ್ರತಿ ವರ್ಷ ಬಜೆಟ್ ಜೊತೆಗೆ ರೈಲ್ವೆಯವರು ‘ಪಿಂಕ್ ಬುಕ್’ ಎಂಬ ದಾಖಲೆ ಹೊರಡಿಸುತ್ತಾರೆ. ಯಾವ ವಲಯದ ಯಾವ ಹೊಸ ಮಾರ್ಗಕ್ಕೆ ಎಷ್ಟು ಹಣ ಎಂದು ಅದರಲ್ಲಿ ಸಾಲು ಸಾಲಾಗಿ ಇರುತ್ತದೆ, ಇಂಟರ್‌ನೆಟ್ಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಮೊರಪ್ಪೂರು ಇರುವುದು ದಕ್ಷಿಣ ರೈಲ್ವೆಯ ಸೇಲಂ ವಿಭಾಗದಲ್ಲಿ, ಧರ್ಮಪುರಿ ನಿಲ್ದಾಣ ನೈಋತ್ಯ ರೈಲ್ವೆಯ ಬೆಂಗಳೂರು ವಿಭಾಗದಲ್ಲಿ. ಈ ಮಾರ್ಗವನ್ನು ದಕ್ಷಿಣ ರೈಲ್ವೆಯ ಪುಟಗಳಲ್ಲಿ ಹುಡುಕಬೇಕು. ಜಮೀನಿನ ವಿಷಯಕ್ಕೆ ಸರ್ವೆ ನಂಬರು ಸಹಿತ ಹೊರಡುವ ಭೂಸ್ವಾಧೀನದ ಅಧಿಸೂಚನೆ ಒಂದೇ ಆಧಾರ. ಅದರ ಪ್ರತಿ ಧರ್ಮಪುರಿಯ ಕಲೆಕ್ಟರ್ ಕಚೇರಿಯಲ್ಲಿ ಸಿಗುತ್ತದೆ, ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಕೇಳಬಹುದು. ಅರ್ಜಿ ತಮಿಳಿನಲ್ಲಿದ್ದರೂ ನಡೆಯುತ್ತದೆ. ಉತ್ತರಕ್ಕೆ 30 ದಿನದ ಗಡುವಿದೆ.